ಮುದುಕಪ್ಪನ ಸಾವಿಗೆ ಬಂದ ಬ್ಯಾಂಡು

"ಏಳಲೇ ಅಮೀನ್‌ಸಾಬ್, ತುತ್ತೂರಿ ತಗಿ. ಮುದುಕಪ್ಪ ಸತ್ತಾನ."

ಸಿಂಧನೂರಿನ ಬಸ್ ನಿಲ್ದಾಣದ ಹಿಂದೆ, ಸೈಕಲ್ ಅಂಗಡಿಯಲ್ಲಿ ಪಂಕ್ಚರ್ ಹಾಕುತ್ತಿದ್ದ ಅಮೀನ್‌ಸಾಬ್ ತಲೆ ಎತ್ತಿದ. ಎದುರಿಗೆ ಯಮನೂರಪ್ಪ. ಮಸ್ಕಿಯಿಂದ ಸಿಕ್ಕ ಬಸ್ಸು ಹಿಡಿದು ಓಡಿಬಂದಿದ್ದ. ಅಂಗಿಯ ಗುಂಡಿ ಒಂದಕ್ಕೊಂದು ತಾಳೆಯಿಲ್ಲ. ಕೈಯಲ್ಲಿ ಟೆಲಿಗ್ರಾಂ. ಕಂಕುಳಲ್ಲಿ ಹನ್ನೆರಡು ವರ್ಷದಿಂದ ಟ್ರಂಕಿನ ತಳ ಹಿಡಿದಿದ್ದ ಕ್ಲಾರಿಯೋನೆಟ್.

ಅಮೀನ್‌ಸಾಬ್ ಟೆಲಿಗ್ರಾಂ ಇಸಿದುಕೊಂಡು ಎರಡು ಸಲ ಓದಿದ. "ಯಾ ಅಲ್ಲಾ! ಆದ್ರ ನಿನಗ್ಯಾಕ ಬಂತಿದು? ಅವನ ಜೋಡಿ ಮಾತು ಬಿಟ್ಟಾವ ನೀನು. ತಿಂಗಳಿಗೊಮ್ಮೆ ಅವನ ಮನಿಗೆ ಹೋಗಿ ಚಾ ಕುಡಿಯಾವ ನಾನು. ನನಗ ಬಂದಿಲ್ಲಲ್ಲ?"

"ಸತ್ತ ಮ್ಯಾಲೂ ನನ್ನ ಹೊಟ್ಟಿ ಉರಸಬೇಕಂತ ಹೇಳಿ ಸತ್ತಿರಬೇಕು. ನಡಿ, ಬಸ್ ಹೊಂಟದ."

ಮಸ್ಕಿ ಬ್ಯಾಂಡು ಎಂದರೆ ಈ ಮೂರೇ ಜನ. ಮದುವೆಗೆ ಕರೆದರೆ ಬರುವುದಿಲ್ಲ ಎನ್ನುತ್ತಿದ್ದರು, ಸಾವಿಗೆ ಮಾತ್ರ. ಮುದುಕಪ್ಪನ ಡೋಲಿನದು ಒಂದು ಪೆಟ್ಟು, ಹೆಣ ಹೊತ್ತವರದು ಒಂದು ಹೆಜ್ಜೆ. ಅಷ್ಟು ನಿಧಾನ ಈ ಸೀಮೆಯಲ್ಲಿ ಯಾರೂ ಬಾರಿಸಿದ್ದಿಲ್ಲ. ಮುಂದೆ ಯಮನೂರಪ್ಪ ಊದುತ್ತ ನಡೆದರೆ, ಆಸ್ತಿಗಾಗಿ ಕಾದು ಕೂತ ಮಕ್ಕಳೂ ಬಾಯಿ ಬಡಿದುಕೊಂಡು ಅಳುತ್ತಿದ್ದರು. ಊದುವವನ ಕಣ್ಣಲ್ಲಿ ಮಾತ್ರ ಹನಿ ಇರುತ್ತಿರಲಿಲ್ಲ. ಅತ್ತರೆ ಉಸಿರು ಒಡೆಯುತ್ತದೆ ಎನ್ನುತ್ತಿದ್ದ.

ಎಂಬತ್ತಮೂರನೇ ಇಸವಿಯಲ್ಲಿ ಯಮನೂರಪ್ಪನ ತಾಯಿ ತೀರಿಕೊಂಡಳು. ಅವತ್ತು ಮುದುಕಪ್ಪ ಎಲ್ಲಿ? ದಢೇಸುಗೂರಿನ ಸಾಹುಕಾರರ ಮದುವೆಯಲ್ಲಿ! ಯಾರಿಗೂ ಹೇಳದೆ ಬೇರೆ ಬ್ಯಾಂಡಿನವರ ಜೊತೆ ಸೇರಿ ಸಿನಿಮಾ ಹಾಡು ಬಾರಿಸುತ್ತಿದ್ದ. ಯಮನೂರಪ್ಪನ ಅವ್ವ ಡೋಲಿಲ್ಲದೆ ಮಣ್ಣಿಗೆ ಹೋದಳು. ಮೂರನೇ ದಿನ ಮುಖ ಸಣ್ಣದು ಮಾಡಿಕೊಂಡು ಬಂದ ಗೆಳೆಯನಿಗೆ ಯಮನೂರಪ್ಪ ನಡುಬೀದಿಯಲ್ಲಿ ನಿಂತು ಆಣೆ ಇಟ್ಟ. "ನೀ ಸತ್ತರೂ ನಾ ಊದಂಗಿಲ್ಲಲೇ!" ಬ್ಯಾಂಡು ಅವತ್ತೇ ಮುಗಿಯಿತು. ಮುದುಕಪ್ಪ ಹೆಂಡತಿಯ ಊರು ಲಿಂಗಸುಗೂರು ಸೇರಿದ.

ಬಸ್ಸಿನಲ್ಲಿ ಯಮನೂರಪ್ಪನಿಗೆ ಕೂತಲ್ಲಿ ಕೂಡಲಾಗಲಿಲ್ಲ. ಕಿಟಕಿ ಎತ್ತಿದ, ಇಳಿಸಿದ. ಬಾಗಿಲಲ್ಲೇ ಮುದುಕಪ್ಪನ ಮಂದಿ ಕೊರಳಪಟ್ಟಿ ಹಿಡಿದರೆ? ಆಣೆ ಇಟ್ಟವನು ಯಾವ ಮುಖ ಹೊತ್ತು ಬಂದೆ ಎಂದರೆ? ಮಸ್ಕಿಯಲ್ಲಿ ಬಸ್ಸು ನಿಂತಾಗ ಇಳಿದೇಬಿಟ್ಟ. ಮನೆ ಅಲ್ಲೇ, ನಾಲ್ಕು ಹೆಜ್ಜೆ. ಕಂಡಕ್ಟರ್ ಸೀಟಿ ಊದಿದ ಕೂಡಲೇ ಓಡಿಬಂದು ಮತ್ತೆ ಹತ್ತಿದ.

"ಹೇಳಪಾ, ಊದಾವೋ, ನೋಡಿ ಬರಾವೋ?" ಅಮೀನ್‌ಸಾಬ್ ಕೇಳಿದ.

"ನನಗೂ ಗೊತ್ತಿಲ್ಲ. ಸುಮ್ಮ ಕೂಡು."

ಲಿಂಗಸುಗೂರಿನ ಆ ಓಣಿಯಲ್ಲಿ ಜನ ಇರಲಿಲ್ಲ. ಚಟ್ಟ ಕಟ್ಟುವವರಿಲ್ಲ, ಬಿದಿರಿಲ್ಲ. ಮನೆಯ ಮೇಲೆ ಒಲೆಯ ಹೊಗೆ ಬೇರೆ. ಸತ್ತ ಮನೆಯಲ್ಲಿ ಒಲೆ ಹಚ್ಚಿದ್ದಾರಲ್ಲ, ಮಂದಿ ಎಂಥ ಮಂದಿಯಪ್ಪ ಎಂದು ಯಮನೂರಪ್ಪನ ಮೈ ಉರಿಯಿತು. ಒಂದು ಕಾಲಕ್ಕೆ ಊರೂರಿಗೆ ಕಣ್ಣೀರು ಹಂಚಿದವನಿಗೆ ಅಳಲು ನಾಲ್ಕು ಜನ ದಿಕ್ಕಿಲ್ಲ!

ಮುದುಕಪ್ಪನ ಹೆಂಡತಿ ಕರೆಮ್ಮ ಬಾಗಿಲಿಗೆ ಬಂದಳು. ಹಣೆಯಲ್ಲಿ ಕುಂಕುಮ, ಕೈ ತುಂಬ ಹಸಿರು ಬಳೆ. ಬಳೆ ಇನ್ನೂ ಒಡೆದಿಲ್ಲ. ಅಂದರೆ ಮಣ್ಣು ಆಗಿಲ್ಲ, ತಾನು ತಡವಾಗಿಲ್ಲ. ಅಷ್ಟರಮಟ್ಟಿಗೆ ಯಮನೂರಪ್ಪನಿಗೆ ಜೀವ ಬಂದಂತಾಯಿತು.

"ಬಂದ್ರೇನಣ್ಣಾ?" ಅವಳು ತಲೆ ಎತ್ತಲಿಲ್ಲ. "ನೀವು ಬರ್ತೀರೋ ಇಲ್ಲೋ ಅಂತ ಮುಂಜಾನಿಂದ ಜೀವ ಕೈಯಾಗ ಹಿಡ್ಕೊಂಡು ಕುಂತೀನಿ."

"ಎಲ್ಲದಾನ?"

"ಒಳಗದಾರ. ಈಗ ಬ್ಯಾಡ್ರಿ ಒಳಗ. ಇಲ್ಲೇ ಕಟ್ಟಿ ಮ್ಯಾಲೆ ಊದ್ರಿ. ಅವರಿಗೆ ಕೇಳಸ್ತದ."

ಆ ಮಾತಿಗೆ ಹನ್ನೆರಡು ವರ್ಷದ ಆಣೆ ಮುರಿದುಬಿತ್ತು. ಯಮನೂರಪ್ಪ ಕ್ಲಾರಿಯೋನೆಟ್ ತುಟಿಗಿಟ್ಟ. ಪಕ್ಕದಲ್ಲಿ ಅಮೀನ್‌ಸಾಬ್ ತುತ್ತೂರಿ ಎತ್ತಿದ. ಅದೇ ಹಳೆಯ ನಿಧಾನದ ಧಾಟಿ. ಡೋಲಿನ ಪೆಟ್ಟು ಬೀಳಬೇಕಾದ ಜಾಗ ಖಾಲಿ ಇತ್ತು. ಎರಡನೇ ಸಲವೂ ಖಾಲಿ. ಮೂರನೇ ಸಲಕ್ಕೆ ಯಮನೂರಪ್ಪನ ಉಸಿರು ಒಡೆಯಿತು. ಜೀವಮಾನದಲ್ಲಿ ಒಂದು ಹೆಣಕ್ಕೂ ಅಳದವನು ಕಟ್ಟೆಯ ಮೇಲೆ ಕುಸಿದು, ಎದೆ ಬಡಿದುಕೊಂಡು, ಓಣಿಯವರು ಬಾಗಿಲಿಗೆ ಬರುವ ಹಾಗೆ ಅತ್ತ.

"ಮುದುಕಾ! ಸಿಟ್ಟಿನ್ಯಾಗ ಅಂದಿದ್ನಲ್ಲೋ! ಒಂದು ಸಲ ಬಂದು ಬೈದು ಹೋಗಬಾರದಿತ್ತೇನೋ!"

ಒಳಗಿನಿಂದ ಡೋಲು ಬಡಿಯಿತು. ಒಂದು ಪೆಟ್ಟು. ತಡೆದು, ಇನ್ನೊಂದು.

ಅಮೀನ್‌ಸಾಬ್ ಬೆಚ್ಚಿ ಎರಡು ಹೆಜ್ಜೆ ಹಿಂದೆ ಸರಿದ. ಹೊಸ್ತಿಲಲ್ಲಿ ಮುದುಕಪ್ಪ ನಿಂತಿದ್ದ. ಕೊರಳಲ್ಲಿ ಡೋಲು, ಕೂದಲೆಲ್ಲ ಬಿಳಿ, ಕೆನ್ನೆಯೆಲ್ಲ ಒದ್ದೆ. ಯಮನೂರಪ್ಪ ಕ್ಲಾರಿಯೋನೆಟ್ಟನ್ನು ಬಡಿಗೆಯಂತೆ ಎತ್ತಿಕೊಂಡು ನುಗ್ಗಿದ. "ನಾಚಿಕಿಲ್ಲದಾವನ! ಸಾವಿನ ಜೋಡಿ ಚೇಷ್ಟಿ ಮಾಡ್ತೀಯೇನಲೇ?"

ಕರೆಮ್ಮ ನಡುವೆ ಬಂದು ಕೈಮುಗಿದಳು. "ತಪ್ಪು ನಂದರೀ ಅಣ್ಣಾ. ನಿನ್ನೆ ಕಾಗಿ ಬಂದು ಇವರ ತಲಿ ಮ್ಯಾಲೆ ಕುಂತಿತು. ಕಾಗಿ ಕುಂತ್ರ ಸಾವು ಹಿಂದ ಬರ್ತದಂತ. ಸತ್ತಾರ ಅಂತ ಸುಳ್ಳು ಸುದ್ದಿ ಕಳಿಸಬೇಕು, ಕೇಳಿದವರು ಖರೇನ ಅಳಬೇಕು, ಆವಾಗ ಕಂಟಕ ಕಳೀತದ ಅಂತ ಹಿರ್ಯಾರು ಹೇಳಿದ್ರು. 'ನಿಮ್ಮ ತಮ್ಮಗ ಟೆಲಿಗ್ರಾಂ ಕೊಡಲೇನ್ರಿ, ಅಮೀನಣ್ಣಗ ಕೊಡಲೇನ್ರಿ' ಅಂತ ಇವರನ್ನ ಕೇಳಿದೆ. ಇಬ್ಬರಿಗೂ ಬ್ಯಾಡ ಅಂದ್ರು."

ಅವಳು ಸೆರಗಿನಿಂದ ಕಣ್ಣೊರೆಸಿಕೊಂಡಳು. "'ಹಂಗಾರ ನಿಮಗ ಖರೇನ ಅಳಾವ್ರು ಯಾರದಾರ' ಅಂತ ಕೇಳಿದೆ. ನಿಮ್ಮದೊಂದ ವಿಳಾಸ ಬರಕೊಟ್ರು."