ಬಿಗಿಯಾದ ಹಿಡಿ

"ಇದೂ ಸಡಿಲ," ಎಂದು ಗ್ರಂಥಪಾಲಕ ಮೂರನೆಯ ಪೆಟ್ಟಿಗೆಯನ್ನೂ ಅಂಗಡಿಯವನತ್ತ ತಳ್ಳಿದ.

ಹಳೆಯ ಕಂಪ್ಯೂಟರ್ ಸಾಮಾನು ಮಾರುವ ಅಂಗಡಿ. ಅಂಗಡಿಯವನು ಕನ್ನಡಕವನ್ನು ಹಣೆಗೇರಿಸಿ ಗಿರಾಕಿಯನ್ನೇ ದಿಟ್ಟಿಸಿದ. ಮನೆಯಲ್ಲಿ ಕೂತು ವಿಮಾನ ಹಾರಿಸುವ ಆಟಕ್ಕೆ ಥ್ರಾಟಲ್ ಬೇಕು, ಎಂದರೆ ಇಂಜಿನ್ನಿನ ವೇಗ ಏರಿಸಿ ಇಳಿಸುವ ಹಿಡಿ ಬೇಕು ಎಂದು ಬಂದಿದ್ದ ಈತನಿಗೆ ಐವತ್ತನಾಲ್ಕು ವಯಸ್ಸು. ಎಂಟು ತಿಂಗಳ ಹಿಂದೆ ಗ್ರಂಥಾಲಯ ಮುಚ್ಚಿದ ಮೇಲೆ ಮನೆಯ ಹೊಸ್ತಿಲು ದಾಟದಿದ್ದವನು ಈ ವಾರವೊಂದರಲ್ಲೇ ನಾಲ್ಕು ಸಲ ಅಂಗಡಿಗೆ ಬಂದಿದ್ದ. ಒಂದೊಂದು ಹಿಡಿ ಒಯ್ಯುವುದು, ಮರುದಿನ ಬದಲಾಯಿಸಲು ಬರುವುದು.

"ಸ್ವಾಮಿ, ಎಲ್ಲರೂ ಬೆಣ್ಣೆ ಹಾಗೆ ಜಾರೋದು ಕೇಳ್ತಾರೆ. ನೀವೊಬ್ರು ತುಕ್ಕು ಹಿಡಿದ ಬಾಗಿಲು ಕೇಳ್ತಿದ್ದೀರಿ."

"ಬಿಗಿ ಇರ್ಬೇಕು. ಎಡಗೈಲಿ ತಳ್ಳೋ ಹಾಗಿರ್ಬೇಕು. ಮತ್ತೆ, ಅಗ್ಗ ಇರ್ಬೇಕು."

"ಹಾರಿಸಿ ಅಭ್ಯಾಸ ಇದೆಯಾ?"

"ವಿಮಾನ ಹತ್ತೇ ಗೊತ್ತಿಲ್ಲ."

ಅಂಗಡಿಯವನು ಕೆಳಗಿನ ಕಪಾಟಿನಿಂದ ಕಪ್ಪು ಪ್ಲಾಸ್ಟಿಕ್ಕಿನದೊಂದನ್ನು ತೆಗೆದ. ಯಾರೋ ಬಳಸಿ ಬಿಟ್ಟದ್ದು. ಎರಡು ಹಿಡಿ, ಮೇಜಿಗೆ ಕಚ್ಚಿಸುವ ಕ್ಲಾಂಪು, ತಳದಲ್ಲೊಂದು ತಿರುಪು.

"ಲೋಹದ್ದು ನೋಡೋಕೆ ಗತ್ತು, ಅಷ್ಟೇ. ಇದರ ತಿರುಪು ಬಿಗಿ ಮಾಡಿದಷ್ಟೂ ಹಿಡಿ ಬಿಗಿಯಾಗುತ್ತೆ. ಒಂದೇ ಒಂದು ನೋಡ್ಕೊಳ್ಳಿ. ಕೈ ತೆಗೆದ ಮೇಲೂ ಪರದೆ ಮೇಲಿನ ಮುಳ್ಳು ನಡುಗ್ತಿದ್ರೆ ಒಳಗೆ ಸವೆದಿದೆ ಅಂತ ಅರ್ಥ."

ಗ್ರಂಥಪಾಲಕ ಅದನ್ನು ಚೀಟಿಯಲ್ಲಿ ಬರೆದುಕೊಂಡ. ಯಾರಿಗಾಗಿ ಎಂದು ಅಂಗಡಿಯವನು ಕೇಳಲಿಲ್ಲ. ಕೇಳಿದ್ದರೂ ಅವನು ಬಾಯಿ ಬಿಡುತ್ತಿರಲಿಲ್ಲ.

ಅವನ ಹೆಂಡತಿ ಗೋದಾಮಿನಲ್ಲಿ ಕ್ರೇನ್ ಚಾಲಕಿ. ಮೆಟ್ಟಿಲಲ್ಲಿ ಜಾರಿ ಎಡ ಮಣಿಕಟ್ಟು ಮುರಿದುಕೊಂಡಿದ್ದಳು. ಪಟ್ಟಿ ಬಿಚ್ಚಿದರೂ ಹಿಡಿತ ಮರಳಲಿಲ್ಲ. ಅದು ಮರಳುವವರೆಗೆ ಕಚೇರಿಯಲ್ಲಿ ರಿಜಿಸ್ಟರ್ ಬರೆಯಲು ಕೂರಿಸಿದ್ದಾರೆ ಎಂದಳು. ಮೂರು ತಿಂಗಳಲ್ಲಿ ಕೈ ಸರಿಹೋಗದಿದ್ದರೆ ಖಾಯಂ ಅಲ್ಲೇ. ಇಪ್ಪತ್ತು ವರ್ಷ ಆಕಾಶದ ಎತ್ತರದಲ್ಲಿ ಕೂತವಳನ್ನು ಫೈಲುಗಳ ನಡುವೆ ಊಹಿಸಿಕೊಳ್ಳಲೂ ಅವನಿಗೆ ಆಗುತ್ತಿರಲಿಲ್ಲ. ಆಗಲೇ ಅವಳ ಫಿಸಿಯೋಥೆರಪಿಸ್ಟ್ ಅವನಿಗೆ ಗುಟ್ಟಾಗಿ ಫೋನ್ ಮಾಡಿದ್ದಳು.

"ಹಿಸುಕೋಕೆ ರಬ್ಬರ್ ಚೆಂಡು ಕೊಟ್ರೆ ಮೂಲೆಗೆ ಎಸೀತಾರೆ. ಹಟಮಾರಿ. ಬಿಗಿಯಾದ ಹಿಡಿ ಇರೋ ಆಟ ಏನಾದ್ರೂ ತನ್ನಿ. ನಿಮಗೇ ಶೋಕಿ ಹತ್ತಿದೆ ಅನ್ನಿ. ಚಿಕಿತ್ಸೆ ಅಂತ ಮಾತ್ರ ಅನ್ಬೇಡಿ."

ಅಂದು ಸಂಜೆ ಅವನು ಊಟದ ಮೇಜಿಗೆ ಹೊಸ ಹಿಡಿ ಕಚ್ಚಿಸಿ, ವಿಮಾನವನ್ನು ಓಡಿಸಿಕೊಂಡು ಹೋಗಿ ನಿಲ್ದಾಣದ ಗೋಡೆಗೇ ಗುದ್ದಿದ.

"ರೀ, ಹೊರಡೋ ಮೊದಲೇ ಬೀಳಿಸೋಕೂ ಒಂದು ಪ್ರತಿಭೆ ಬೇಕು," ಎಂದಳು ಹೆಂಡತಿ.

ಮರುದಿನ ಕೆರೆ. ಅದರ ಮರುದಿನ ಯಾರದೋ ತೋಟ. ನಾಲ್ಕನೆಯ ಸಂಜೆ ಅವಳಿಗೆ ತಡೆಯಲಾಗಲಿಲ್ಲ.

"ಆ ಪ್ರಯಾಣಿಕರು ನಿಮಗೇನು ಅನ್ಯಾಯ ಮಾಡಿದ್ರು? ಸರೀರಿ ಆ ಕಡೆ."

ಅವಳು ಎಡಗೈಯಿಂದ ಹಿಡಿ ತಳ್ಳಿದಳು. "ಅಮ್ಮಾ, ನೋವು," ಎಂದಳು. ಬೆನ್ನಿಗೇ, "ಇದೂ ಸಡಿಲಾನೇ. ಆ ಅಂಗಡಿಯವರನ್ನ ಇನ್ನೊಂದ್ಸಲ ಕೇಳ್ಬಾರ್ದಾ?" ಎಂದಳು.

ಅವನು ಕೇಳಿದ. ತಿರುಪಿಗೆ ವಾಷರ್ ಹಾಕಿಸಿಕೊಂಡು ಬಂದ. ಇನ್ನೊಮ್ಮೆ ಕ್ಲಾಂಪು ಅಲುಗುತ್ತದೆ ಎಂದಳು. ಮತ್ತೊಮ್ಮೆ ಹಿಡಿಯ ಗುಂಡಿ ನುಣುಪು, ಜಾರುತ್ತದೆ ಎಂದಳು. ಪ್ರತಿ ಸಲವೂ ಅವನು ಗಡ್ಡ ಬೋಳಿಸಿಕೊಂಡು, ಇಸ್ತ್ರಿ ಮಾಡಿದ ಅಂಗಿ ತೊಟ್ಟು ಹೊರಟ. ಅವಳು ಕೆಲಸಕ್ಕೆ ಹೋದ ಹೊತ್ತಿನಲ್ಲಿ ಒಬ್ಬನೇ ಅಭ್ಯಾಸ ಮಾಡಿದ. ದಿನವೂ ನಂಬುವ ಹಾಗೆ ಬೀಳಿಸಬೇಕಾದರೆ ಮೊದಲು ಹಾರಿಸುವುದು ಗೊತ್ತಿರಬೇಕಲ್ಲ. ತಿಂಗಳು ಕಳೆಯುವಷ್ಟರಲ್ಲಿ ಅಡ್ಡಗಾಳಿಯಲ್ಲೂ ಹೂವಿನಂತೆ ಇಳಿಸುತ್ತಿದ್ದ. ಸಂಜೆ ಮಾತ್ರ ಬೆಟ್ಟಕ್ಕೆ ಗುದ್ದಿ, ಪೆಚ್ಚುಮೋರೆ ಹಾಕಿ, ಹಿಡಿಯನ್ನು ಅವಳಿಗೆ ಬಿಟ್ಟುಕೊಡುತ್ತಿದ್ದ. ಅವಳು ಬೈಯುತ್ತ ಹಾರಿಸುತ್ತಿದ್ದಳು. ಆ ಮನೆಯಲ್ಲಿ ಅಷ್ಟು ನಗು ಕೇಳಿ ವರ್ಷವಾಗಿತ್ತು.

ಅಂಗಡಿಯಲ್ಲಿಯೂ ಒಂದು ಬದಲಾವಣೆಯಾಯಿತು. ಕಡಿಮೆ ಬೆಲೆಗೆ ಯಾವ ಥ್ರಾಟಲ್ ಒಳ್ಳೆಯದು ಎಂದು ಯಾರಾದರೂ ಕೇಳಿದರೆ ಅಂಗಡಿಯವನು ಗ್ರಂಥಪಾಲಕನತ್ತ ಕೈ ತೋರಿಸತೊಡಗಿದ. "ಇವರನ್ನ ಕೇಳಿ. ನನ್ನ ಅಂಗಡಿಯ ಒಂದೊಂದು ತಿರುಪೂ ಇವರಿಗೆ ಬಾಯಿಪಾಠ." ಕೊನೆಗೆ, "ಸುಮ್ನೆ ಬಂದು ಹೋಗೋದ್ಯಾಕೆ? ವಾರಕ್ಕೆ ನಾಲ್ಕು ದಿನ ಇಲ್ಲೇ ಕೂತ್ಕೊಳ್ಳಿ," ಎಂದ. ಗ್ರಂಥಪಾಲಕ ಕೂತ. ಮೊದಲ ವಾರವೇ ಪೆಟ್ಟಿಗೆಗಳಿಗೆಲ್ಲ ಸಂಖ್ಯೆ ಅಂಟಿಸಿ, ಪುಸ್ತಕಗಳಂತೆ ಸಾಲಾಗಿ ಜೋಡಿಸಿದ.

ಮೂರು ತಿಂಗಳು ತುಂಬಿದ ದಿನ ಹೆಂಡತಿ ಮನೆಗೆ ಬಂದವಳೇ ಎಡಗೈಯಿಂದ ಅವನ ಕೈ ಹಿಡಿದು ಬಿಗಿಯಾಗಿ ಅದುಮಿದಳು. "ನಾಳೆಯಿಂದ ಕ್ರೇನು," ಎಂದಳು. ಅವನ ಕಣ್ಣು ತುಂಬಿಬಂತು. ಗುಟ್ಟು ನಾಲಿಗೆಯ ತುದಿಗೆ ಬಂದರೂ ನುಂಗಿಕೊಂಡ. ಅವಳ ಗೆಲುವು ಅವಳದೇ ಆಗಿರಲಿ.

ಆದರೆ ಯಾರಿಗಾದರೂ ಹೇಳಲೇಬೇಕಲ್ಲ. ಮಾರನೆಯ ದಿನ ಫಿಸಿಯೋಥೆರಪಿಸ್ಟ್ ಕೋಣೆಗೆ ಹೋಗಿ, ಎದೆಯುಬ್ಬಿಸಿ ಕೂತು, ಬೀಳಿಸಿದ ವಿಮಾನಗಳ ಕಥೆಯನ್ನೆಲ್ಲ ಹೇಳಿದ.

"ಅವಳಿಗೆ ಕೊನೇವರೆಗೂ ಅನುಮಾನ ಬರ್ಲಿಲ್ಲ ಮೇಡಂ. ನಿಮ್ಮ ಉಪಾಯಕ್ಕೆ ಒಪ್ಪಲೇಬೇಕು."

ಆಕೆ ಪೆನ್ನು ಕೆಳಗಿಟ್ಟು, ಅವನ ನುಣ್ಣಗಿನ ಗಲ್ಲವನ್ನೂ ಇಸ್ತ್ರಿಯ ಅಂಗಿಯನ್ನೂ ತೃಪ್ತಿಯಿಂದ ನೋಡಿದಳು.

"ಉಪಾಯ ನನ್ನದಲ್ಲ, ನಿಮ್ಮ ಮನೆಯವರದ್ದು. ಅವರ ಕೈ ಪಟ್ಟಿ ಬಿಚ್ಚಿದ ಎರಡನೇ ವಾರಕ್ಕೇ ಸರಿಹೋಗಿತ್ತು, ಅವತ್ತಿಂದ ಕ್ರೇನೇ ಓಡಿಸ್ತಿದ್ದಾರೆ. ಇಷ್ಟು ದಿನ ನಾವಿಬ್ಬರೂ ಸೇರಿ ಚಿಕಿತ್ಸೆ ಮಾಡಿದ್ದು ನಿಮಗೆ."