ಹಲ್ಲು ಮಸೆದವರು ಯಾರು?

“ದ್ರೋಹಿ ಈ ಕೋಣೆಯಲ್ಲೇ ಇದ್ದಾನೆ,” ಎಂದರು ಡ್ರಿಲ್ ಮೇಷ್ಟ್ರು. ಹೇಳುವಾಗ ಔಷಧಿ ಅಂಗಡಿಯವರನ್ನೇ ದುರುಗುಟ್ಟಿ ನೋಡಿದರು.

ಔಷಧಿ ಅಂಗಡಿಯವರು ಸಭೆಗೆ ತೊಡುವ ಏಪ್ರನ್ನಿನ ದಾರ ಕಟ್ಟಿಕೊಳ್ಳುತ್ತಾ, “ನನ್ನ ಮುಖದಲ್ಲಿ ಏನಾದ್ರೂ ಬರೆದಿದೆಯಾ ಮೇಷ್ಟ್ರೇ?” ಎಂದರು.

“ಮುಖದಲ್ಲಿಲ್ಲ, ಬಾಯಲ್ಲಿದೆ. ಆ ಹಲ್ಲಿನ ಸಂದು.”

ಅದು ಫ್ರೀಮೇಸನ್ನರೆಂಬ ಸೋದರ ಸಂಘದವರ ಲಾಡ್ಜು, ಅಂದರೆ ಸಭಾಮನೆ. ರೂಮು ಬಾಡಿಗೆಗೆ ಕೊಡುವ ಲಾಡ್ಜಲ್ಲ. ಆದರೂ ಆಗಾಗ ಯಾರಾದರೂ ಸೂಟ್‌ಕೇಸ್ ಹಿಡಿದು ಬಂದು, ಬಿಸಿನೀರು ಇದೆಯಾ ಎಂದು ಕೇಳಿ ಹೋಗುತ್ತಿದ್ದರು. ಇಲ್ಲಿ ಸೇರಿದವರೆಲ್ಲ ಒಬ್ಬರಿಗೊಬ್ಬರು ಸೋದರರು. ಕಷ್ಟ ಬಂದರೆ ಹೆಗಲು ಕೊಡುತ್ತಾರೆ. ಸಭೆ ಮುಗಿದ ಮೇಲೆ ಒಟ್ಟಿಗೆ ಕೂತು ಉಣ್ಣುತ್ತಾರೆ. ಉಣ್ಣುವುದಕ್ಕಿಂತ ಹೆಚ್ಚು ನಗುತ್ತಾರೆ.

ಆ ಊಟದ ಮೇಜಿಗೆ ಹಂಬಲಿಸಿದವರು ಹಲ್ಲಿನ ಡಾಕ್ಟರು, ಮೇಷ್ಟ್ರ ಹೆಂಡತಿಯ ತಮ್ಮ. ಮಡದಿ ತೀರಿಕೊಂಡ ಮೇಲೆ ಅವರು ಕ್ಲಿನಿಕ್ಕಿನಲ್ಲೇ, ರೋಗಿಗಳ ಕುರ್ಚಿಯಲ್ಲೇ ಕೂತು ಒಬ್ಬರೇ ಉಣ್ಣುತ್ತಿದ್ದರು. “ಜೊತೆಗೆ ಕೂತು ತಿನ್ನೋಕೆ ನಾಕು ಜನ ಇದ್ರೆ ಸಾಕು ಭಾವ,” ಎಂದು ಒಮ್ಮೆ ಅಂದಿದ್ದರು. ಅದನ್ನು ಕೇಳಿದ ಮೇಷ್ಟ್ರು ತಾವೇ ಅವರ ಹೆಸರು ಸೂಚಿಸಿದ್ದರು.

ಆದರೆ ಸೇರಬೇಕೆಂದರೆ ಗುಟ್ಟಿನ ಮತ. ಮರದ ಪೆಟ್ಟಿಗೆಯೊಂದನ್ನು ಒಬ್ಬೊಬ್ಬರ ಮುಂದೆ ಹಿಡಿಯುತ್ತಾರೆ. ಮೇಲೆ ಬಟ್ಟೆಯ ತೋಳು ಹೊಲಿದ ತೂತು, ಒಳಗೆ ನಡುವೆ ಒಂದು ಹಲಗೆ, ಮತ ಹಾಕುವವರ ಕಡೆಗೆ ಎರಡು ಡ್ರಾಯರ್. ಕೈ ತೂರಿಸಿ ಗೋಲಿಯನ್ನು ಬಲಕ್ಕೆ ಬಿಟ್ಟರೆ ಹೌದು, ಎಡಕ್ಕೆ ಬಿಟ್ಟರೆ ಇಲ್ಲ. ಒಂದೇ ಒಂದು ‘ಇಲ್ಲ’ ಬಿದ್ದರೂ ಕಥೆ ಮುಗಿಯಿತು. ಡಾಕ್ಟರಿಗೆ ಈ ವರ್ಷವೇ ಎರಡು ಸಲ ಬಿದ್ದಿತ್ತು. ಎರಡು ಸಲವೂ ಒಂದೇ ಒಂದು. ಇವತ್ತು ಮೂರನೆಯದು. ಇದೂ ಹೋದರೆ ಬಾಗಿಲು ಕಾಯಂ ಬಂದ್.

ಅಧ್ಯಕ್ಷ ಪೀಠದಲ್ಲಿದ್ದ ವಕೀಲರು ನಿಟ್ಟುಸಿರಿಟ್ಟರು. “ಈ ವರ್ಷ ಯಾಕೋ ಗ್ರಹಚಾರ ನೆಟ್ಟಗಿಲ್ಲ. ಒಬ್ಬ ಹೊಸಬನೂ ಒಳಗೆ ಬರ್ಲಿಲ್ಲ. ನೋಡಿ, ಯಾರೋ ಕೈತಪ್ಪಿ ಹಾಕಿದ್ದು ಅಂತ ಸಾಬೀತಾದ್ರೆ ಮತ್ತೆ ಮತ ಹಾಕಿಸ್ಬಹುದು. ನಿಯಮ ಇದೆ.”

“ಕೈತಪ್ಪೀನಾ?” ಮೇಷ್ಟ್ರು ಗುಡುಗಿದರು. “ಎಡ ಯಾವುದು, ಬಲ ಯಾವುದು ಅಂತ ತಿಳೀದ ದಡ್ಡಶಿಖಾಮಣಿ ಇಲ್ಲಿ ಯಾರಿದ್ದಾನೆ ಸ್ವಾಮಿ? ಇದು ಬೇಕಂತಲೇ ಮಾಡಿದ್ದು!”

ಅವರ ಮಾತಿಗೆ ತೂಕವಿತ್ತು. ಜೀವಮಾನವಿಡೀ ಶಾಲೆಯ ಮೈದಾನದಲ್ಲಿ ‘ಎಡ-ಬಲ, ಎಡ-ಬಲ’ ಎಂದು ಕೂಗಿ ಸವೆದ ಗಂಟಲು ಅದು.

ಶಂಕಿತರಿಗೇನೂ ಬರವಿರಲಿಲ್ಲ. ಊರಿಗೆಲ್ಲ ಇವರೊಬ್ಬರೇ ಹಲ್ಲಿನ ಡಾಕ್ಟರು. ಆ ಕುರ್ಚಿಯಲ್ಲಿ ಬಾಯಿ ತೆರೆದು ಗೋಳಾಡದ ಸೋದರನೇ ಇರಲಿಲ್ಲ. ಔಷಧಿ ಅಂಗಡಿಯವರಿಗಂತೂ ಕೆಟ್ಟ ಹಲ್ಲು ಬಿಟ್ಟು ಪಕ್ಕದ ಗಟ್ಟಿ ಹಲ್ಲನ್ನೇ ಕಿತ್ತಿದ್ದರು. ಡಾಕ್ಟರ ಮೇಲೆ ಮಸೆಯಲು ಅವರ ಬಾಯಲ್ಲಿ ಇನ್ನೂ ಬೇಕಾದಷ್ಟು ಹಲ್ಲುಗಳಿದ್ದವು.

ಮೇಷ್ಟ್ರಿಗೆ ಮನೆಯಲ್ಲೂ ನೆಮ್ಮದಿಯಿರಲಿಲ್ಲ. “ನನ್ನ ತಮ್ಮನ್ನ ಇವತ್ತು ಸೇರಿಸ್ಕೊಂಡ್ರೆ ಸರಿ,” ಎಂದು ಹೆಂಡತಿ ಬೆಳಿಗ್ಗೆಯೇ ಹೇಳಿಬಿಟ್ಟಿದ್ದರು. “ಇಲ್ಲಾಂದ್ರೆ ನೀವೂ ಹೋಗಿ ಆ ಕ್ಲಿನಿಕ್ ಕುರ್ಚೀಲೇ ಊಟ ಮಾಡಿ.”

ಪೆಟ್ಟಿಗೆ ಹಿಡಿಯುವ ಕೆಲಸ ಈ ವರ್ಷ ಮೇಷ್ಟ್ರ ಪಾಲಿಗೆ ಬಂದಿತ್ತು. ಪತ್ತೇದಾರಿಕೆಗೆ ಇದಕ್ಕಿಂತ ಒಳ್ಳೆಯ ಜಾಗ ಬೇಕೆ? ಒಳಗೆ ಹೋದ ಕೈ ಕಾಣದಿದ್ದರೇನು, ಮೊಣಕೈ ಕಾಣುತ್ತದಲ್ಲ!

ಬಾಗಿಲಾಚೆಯ ಬೆಂಚಿನ ಮೇಲೆ ಡಾಕ್ಟರು ಹೊಸ ಶೂ ಹಾಕಿಕೊಂಡು ಕಾಯುತ್ತಿದ್ದರು. ಒಳಗೆ ಮೇಷ್ಟ್ರು ಪೆಟ್ಟಿಗೆ ಹಿಡಿದು ಒಬ್ಬೊಬ್ಬರ ಎದುರೂ ನಿಂತರು. ವಕೀಲರ ಮೊಣಕೈ ಬಲಕ್ಕೆ ವಾಲಿತು. ಬೇಕರಿಯವರದೂ ಬಲಕ್ಕೆ. ಎಲ್ಲರ ಮೊಣಕೈಯೂ ಅವರವರ ಬಲಕ್ಕೇ ವಾಲುತ್ತಾ ಬಂತು. ಔಷಧಿ ಅಂಗಡಿಯವರದು? ಅಬ್ಬಾ, ಅದೂ ಬಲಕ್ಕೇ!

ಮೇಷ್ಟ್ರ ಕಣ್ಣು ತುಂಬಿ ಬಂತು. ಛೇ, ಒಳ್ಳೆಯ ಮನುಷ್ಯನ ಮೇಲೆ ಸುಮ್ಮನೆ ಅನುಮಾನಪಟ್ಟೆನಲ್ಲ ಎಂದು ನಾಚಿಕೆಯಾಯಿತು. ಎಂದಿನಂತೆ ಕೊನೆಗೆ ಉಳಿದದ್ದು ತಮ್ಮದೇ ಗೋಲಿ. ಪೆಟ್ಟಿಗೆಯನ್ನು ಹೊಟ್ಟೆಗೆ ಅವುಚಿಕೊಂಡು, ಬಲಗೈ ತೂರಿಸಿ, ಭಾಮೈದನನ್ನು ಮನಸಾರೆ ಹರಸಿ ಬಿಟ್ಟರು.

ವಕೀಲರು ಡ್ರಾಯರ್ ಎಳೆದರು. ‘ಇಲ್ಲ’ದ ಕಡೆ ಒಂದು ಗೋಲಿ.

“ಗೊತ್ತಾಯ್ತು ನಿಮ್ಮ ಆಟ!” ಮೇಷ್ಟ್ರು ಔಷಧಿ ಅಂಗಡಿಯವರ ಮೇಲೆ ಹರಿಹಾಯ್ದರು. “ಮೊಣಕೈ ಬಲಕ್ಕೆ, ಒಳಗೊಳಗೇ ಮಣಿಕಟ್ಟು ಎಡಕ್ಕೆ!”

“ನನ್ನ ಹಲ್ಲು ಹೋಗಿದೆ ಮೇಷ್ಟ್ರೇ, ಮಾನ ಹೋಗಿಲ್ಲ,” ಎಂದರು ಔಷಧಿ ಅಂಗಡಿಯವರು. “ಅವತ್ತು ತಪ್ಪು ಹಲ್ಲು ಕಿತ್ತೆ ಅಂತ ಆ ಮನುಷ್ಯ ನನ್ನ ಕೈ ಹಿಡ್ಕೊಂಡು ಅತ್ತುಬಿಟ್ರು. ಅಂಥವರಿಗೆ ಇಲ್ಲ ಅಂತೀನಾ? ಪೆಟ್ಟಿಗೆ ಖಾಲಿ ಮಾಡಿ. ಯಾರ್‍ಯಾರು ಹೇಗೆ ಹಾಕಿದ್ರೋ ಹಾಗೇ ಹಾಕಿ ತೋರಿಸ್ಲಿ, ಎಲ್ಲರ ಎದುರಿಗೇ.”

“ನಾನೇ ಮೊದಲು!” ಮೇಷ್ಟ್ರು ಎದೆ ಸೆಟೆಸಿದರು. “ಕಳ್ಳನ ಮನಸ್ಸು ಹುಳ್ಳುಳ್ಳಗೆ ಅಂತಾರೆ. ನನಗೇನು ಭಯ? ನೋಡ್ಕೊಳ್ಳಿ!”

ಖಾಲಿ ಪೆಟ್ಟಿಗೆಯನ್ನು ಮೊದಲಿನ ಹಾಗೆಯೇ ಹೊಟ್ಟೆಗೆ ಅವುಚಿಕೊಂಡರು. ಕೈ ತೂರಿಸಿದರು. “ಬಲ!” ಎಂದು ಮೈದಾನದ ದನಿಯಲ್ಲಿ ಕೂಗಿ ಗೋಲಿ ಬಿಟ್ಟರು.

ಎದುರಿಗೆ ನಿಂತಿದ್ದ ವಕೀಲರು ತಮ್ಮ ಎಡಗಡೆಯ ಡ್ರಾಯರ್ ಎಳೆದರು. ಮೇಷ್ಟ್ರು ಬಲಕ್ಕೆ ಬಿಟ್ಟ ಗೋಲಿ ‘ಇಲ್ಲ’ದಲ್ಲಿ ತಣ್ಣಗೆ ಕೂತಿತ್ತು.

“ಕೈತಪ್ಪು ಸಾಬೀತಾಯ್ತು,” ಎಂದರು ವಕೀಲರು. “ಪೆಟ್ಟಿಗೇನ ಬೇರೆಯವರ ಕೈಗೆ ಕೊಡಿ ಮೇಷ್ಟ್ರೇ, ಊಟಕ್ಕೆ ಇನ್ನೊಂದು ತಟ್ಟೆ ಇಡಿ.”