ಅನ್ನದ ಅಡಿಯ ತುಪ್ಪ

ಮನೆಯಲ್ಲಿ ತಿಂಗಳುಗಟ್ಟಲೆ ಒಲೆಯ ಮೇಲೆ ಎಣ್ಣೆ ಬಾಣಲೆ ಇಟ್ಟಿರಲಿಲ್ಲ. ಆದರೂ ಮಗಳ ರಕ್ತದಲ್ಲಿ ಕೊಬ್ಬು ಇಳಿಯಲಿಲ್ಲ.

"ಏನೇ ಕದ್ದು ತಿಂತಿದ್ದೀಯ?" ಎಂದು ತಾಯಿ ಕೈ ಎತ್ತಿದಾಗ ಅಜ್ಜಿ ಅಡ್ಡ ಬಂದರು.

"ಅವಳಿಗ್ಯಾಕೆ ಹೊಡೀತೀಯ? ಅನ್ನದ ಅಡೀಲಿ ತುಪ್ಪ ಬಚ್ಚಿಟ್ಟು ಹಾಕ್ತಿದ್ದೋಳು ನಾನು."

ಅಂದಿನಿಂದ ಸೊಸೆ ಅತ್ತೆಯನ್ನು ಅಡುಗೆಮನೆಗೆ ಬಿಡಲಿಲ್ಲ, ಮಾತೂ ಆಡಲಿಲ್ಲ.

ಮುಂದಿನ ಪರೀಕ್ಷೆಯಲ್ಲೂ ಕೊಬ್ಬು ಅಷ್ಟೇ ಇತ್ತು. ಡಾಕ್ಟರು ಹೇಳಿದರು: "ತಪ್ಪು ಊಟದ್ದಲ್ಲಮ್ಮ. ರಕ್ತದಲ್ಲಿ ಎಷ್ಟಿದ್ದರೂ ಇವಳ ಜೀವಕೋಶಕ್ಕೆ ತಿಳಿಯಲ್ಲ. ಸಾಲದು ಅಂತ ಕೊಬ್ಬು ಮಾಡ್ತಾನೇ ಇರುತ್ತೆ. ವಂಶದಿಂದ ಬಂದದ್ದು."

ಮನೆಗೆ ಬಂದ ಸೊಸೆ ಕೇಳಿದಳು, "ತುಪ್ಪ ಹಾಕಿದ್ದು ಸುಳ್ಳಲ್ವಾ ಅತ್ತೆ? ಇವಳಿಗೆ ಏಟು ತಪ್ಪಿಸೋಕೆ ಹಾಗಂದ್ರಾ?"

"ಅದಕ್ಕಷ್ಟೇ ಅಲ್ಲ ಕಣೇ. ನಿನ್ನ ಮಾವನೋರು ತುಪ್ಪ ಮುಟ್ದೇನೇ ಮೂವತ್ತಕ್ಕೆ ಎದೆ ಹಿಡ್ಕೊಂಡು ಹೋದ್ರು. ಇವಳ ಕೊಬ್ಬಾದ್ರೂ ತುಪ್ಪದಿಂದ್ಲೇ ಬಂದಿರ್ಲಿ ಅಂದ್ಕೊಂಡೆ."